ಕಾಗದದಲ್ಲಿ ಅಕ್ಕನ ಮಗ

ನನ್ನ ಗಂಡ ಸದಾನಂದರದ್ದು ಮುಂಬಯಿಯ ಬೈಕುಲ್ಲಾದಲ್ಲಿ ಒಂದು ಸಣ್ಣ ಹೋಟೆಲು. ಹೋಟೆಲಿಗೆ ಬೇಕಾದ ಲೈಸೆನ್ಸುಗಳನ್ನೆಲ್ಲ ಮಾಡಿಸಿ, ಕಟ್ಟು ಹಾಕಿಸಿ, ಗಲ್ಲಾದ ಹಿಂದೆ ದೇವರ ಫೋಟೋಗಳ ಸಾಲಿನಲ್ಲೇ ತೂಗುಹಾಕಿದ್ದಾರೆ. ಇಂಥ ಮನುಷ್ಯ ಕಾಂದಿವಲಿಯ ನಮ್ಮ ಮನೆಯನ್ನು ಬಾಡಿಗೆಗೆ ಕೊಡುವಾಗ ಮಾತ್ರ ಒಂದು ಚೀಟಿಯನ್ನೂ ಮಾಡಿಸಲಿಲ್ಲ.

"ಎಗ್ರಿಮೆಂಟ್ ರಿಜಿಸ್ಟರ್ ಮಾಡಿಸಬೇಕಂತೆ, ಬಾಡಿಗೆಯವರ ವಿವರ ಪೊಲೀಸ್ ಸ್ಟೇಷನ್ನಿಗೆ ಕೊಡಬೇಕಂತೆ" ಎಂದು ನಾನು ಹೇಳಿದ್ದೆ.

"ಎಂತ ಎಗ್ರಿಮೆಂಟ್ ಮಾರಾಯ್ತಿ? ಧನರಾಜ ಕಾರ್ಕಳದ ಹುಡುಗ. ಅವನ ಅಪ್ಪನ ಮದುವೆಯಲ್ಲಿ ನಾನು ಊಟ ಬಡಿಸಿದ್ದೇನೆ. ನಮ್ಮವರ ಹತ್ತಿರ ಕಾಗದ ಕೇಳಿದರೆ ಮರ್ಯಾದೆ ಉಂಟಾ?"

ಇವರಿಗೆ ಮರ್ಯಾದೆ ನೆನಪಾಗುವುದು ಯಾವಾಗಲೂ ತಪ್ಪು ಜಾಗದಲ್ಲಿ. ಸೊಸೈಟಿಯ ಸೆಕ್ರೆಟರಿ ಪರಪ್ಪನವರು, ಬಾಡಿಗೆಯವರಾದರೆ ಕಾಗದಪತ್ರ ಬೇಕು, ಮನೆಯವರಾದರೆ ಒಂದು ಪತ್ರ ಬರೆದುಕೊಟ್ಟರೆ ಸಾಕು ಎಂದರು. ಇವರು ಅಲ್ಲೇ ಕೂತು ಬರೆದುಕೊಟ್ಟರು: ಧನರಾಜ್ ನನ್ನ ಅಕ್ಕನ ಮಗ. ನಮ್ಮ ಕಡೆ ಅಕ್ಕನ ಮಗ ಎಂದರೆ ಸ್ವಂತ ಮಗನಿಗಿಂತ ಒಂದು ಹೆಜ್ಜೆ ಮುಂದೆ, ಅಜ್ಜನ ಕಾಲದವರೆಗೂ ಆಸ್ತಿ ಹೋಗುತ್ತಿದ್ದದ್ದು ಅವನಿಗೇ. ಆ ಮಾತಿನ ಮೇಲೆ ಯಾರೂ ಪ್ರಶ್ನೆ ಕೇಳುವುದಿಲ್ಲ ಎಂದು ಇವರಿಗೆ ಗೊತ್ತಿತ್ತು. ಇವರಿಗಿರುವುದು ಒಬ್ಬಳೇ ಅಕ್ಕ, ಮಾಟುಂಗದ ವಿನೋದಿನಿ ಅತ್ತಿಗೆ. ಅವರಿಗೆ ಮಕ್ಕಳಿಲ್ಲ.

ಈ ವರ್ಷ ಅತ್ತಿಗೆಯ ಹಳೇ ಬಿಲ್ಡಿಂಗಿಗೆ ಮುನಿಸಿಪಾಲಿಟಿಯವರು ಅಪಾಯದ ನೋಟಿಸು ಅಂಟಿಸಿದರು. ಮಳೆಗಾಲಕ್ಕೆ ಮೊದಲು ಖಾಲಿ ಮಾಡಬೇಕು. ಭಾವ ತೀರಿಹೋಗಿದ್ದಾರೆ. ನಾವು ಹೋಟೆಲಿನ ಮೇಲಿನ ಒಂದೇ ಕೋಣೆಯಲ್ಲಿ ಮಕ್ಕಳ ಜೊತೆ ಒತ್ತಿಕೊಂಡು ಮಲಗುವವರು. "ಕಾಂದಿವಲಿ ಮನೆ ಇರುವಾಗ ನಿನಗೆಂತ ಚಿಂತೆ ಅಕ್ಕ?" ಎಂದು ಇವರು ಧೈರ್ಯ ಕೊಟ್ಟರು. ಅತ್ತಿಗೆ ಪಾತ್ರೆಪಗಡೆ ಕಟ್ಟಲು ಶುರುಮಾಡಿದರು.

ಮನೆ ಬಿಡು ಎಂದು ಹೇಳಲು ಹೋದಾಗ ಧನರಾಜ ನಕ್ಕ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು.

"ಅಕ್ಕನ ಮಗನನ್ನು ಯಾರಾದರೂ ಹೊರಗೆ ಹಾಕ್ತಾರಾ ಮಾಮ?" ಎಂದ. ಹಾಗಾದರೆ ಈಗಲಾದರೂ ಎಗ್ರಿಮೆಂಟ್ ಮಾಡೋಣ ಎಂದರೆ, "ನಮ್ಮೊಳಗೆ ಎಂತ ಎಗ್ರಿಮೆಂಟ್?" ಎಂದ. ಆ ಪತ್ರದ ಜೆರಾಕ್ಸ್ ಕೊಟ್ಟು ಅವನು ಗ್ಯಾಸು, ಮಗುವಿನ ಶಾಲೆ ಎಲ್ಲ ಮಾಡಿಸಿಕೊಂಡಿದ್ದ. ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ.

ವಕೀಲರು ಇವರ ಮುಖ ನೋಡಿ ತಲೆ ಅಲ್ಲಾಡಿಸಿದರು. ಬಾಡಿಗೆಯವನು ಎಂದು ಹೇಳಿದರೆ, ಪೊಲೀಸರಿಗೆ ಯಾಕೆ ತಿಳಿಸಲಿಲ್ಲ ಎಂದು ಮೊದಲ ಕೇಸು ಇವರ ಮೇಲೆ. ಸೊಸೈಟಿಗೆ ಸುಳ್ಳು ಬರೆದುಕೊಟ್ಟದ್ದು ಬೇರೆ. ಅಕ್ಕನ ಮಗ ಎಂದೇ ಹೇಳಿದರೆ ಮನೆ ಬಿಡಿಸಲು ಕೋರ್ಟಿನಲ್ಲಿ ವರ್ಷಗಟ್ಟಲೆ ಅಲೆಯಬೇಕು. ಇವರು ಅಡಕತ್ತರಿಯ ನಡುವಿನ ಅಡಿಕೆಯಾದರು. ಕೇಸಾದರೆ ಹೋಟೆಲಿನ ಲೈಸೆನ್ಸಿಗೂ ಕಲ್ಲು ಬಿದ್ದೀತು ಎಂಬ ಹೆದರಿಕೆಗೆ ಅನ್ನ ಬಿಟ್ಟರು. ನನಗೆ ಕನಿಕರವೂ ಬಂತು, ನಾಲ್ಕು ಬಾರಿಸಬೇಕು ಎಂದೂ ಅನಿಸಿತು.

ಅಷ್ಟರಲ್ಲಿ ಪರಪ್ಪನವರ ಫೋನು. ಪೊಲೀಸರು ಪ್ರತಿ ಸೊಸೈಟಿಯಿಂದ ಬಾಡಿಗೆಯವರ ಪಟ್ಟಿ ಕೇಳಿದ್ದಾರೆ, ಸಂಬಂಧಿಕರು ಎಂದು ಬರೆದುಕೊಟ್ಟವರು ಸಂಬಂಧ ತೋರಿಸಬೇಕು, ಭಾನುವಾರ ಅಕ್ಕನನ್ನು ಕರೆದುಕೊಂಡು ಬನ್ನಿ ಎಂದರು.

"ಅತ್ತಿಗೆಗೆ ಎಲ್ಲ ಹೇಳಿ. ಇಲ್ಲದಿದ್ದರೆ ನಾನೇ ಹೇಳ್ತೇನೆ" ಎಂದೆ.

"ಬೇಡ, ನಾನೇ ಹೇಳ್ತೇನೆ" ಎಂದು ಇವರು ಕೈಮುಗಿದರು.

ಮಾಟುಂಗ ರೋಡಿನಲ್ಲಿ ಲೋಕಲ್ ರೈಲು ಹತ್ತಿದಾಗ ಹೇಳಲಿಲ್ಲ. ಅಂಧೇರಿ ಹೋಯಿತು, ಮಲಾಡ್ ಹೋಯಿತು. ಕಾಂದಿವಲಿಯಲ್ಲಿ ಇಳಿದು ರಿಕ್ಷಾ ಹತ್ತಿದ ಮೇಲೂ ಇವರು ರಸ್ತೆ ನೋಡುತ್ತ ಕೂತರು. ಅತ್ತಿಗೆ ಮಾತ್ರ ಖುಷಿಯಲ್ಲಿದ್ದರು. ಮನೆಯ ಕೀಲಿಕೈ ತೆಗೆದುಕೊಳ್ಳಲು ಹೋಗುತ್ತಿದ್ದೇವೆ ಎಂದೇ ಅವರು ತಿಳಿದಿದ್ದರು.

ಸೊಸೈಟಿ ಆಫೀಸಿನಲ್ಲಿ ಒಬ್ಬ ಪೊಲೀಸ್ ಪೇದೆ ಪಟ್ಟಿ ಹಿಡಿದು ಕೂತಿದ್ದ. ಮೂಲೆಯಲ್ಲಿ ಧನರಾಜ ಇಸ್ತ್ರಿ ಮಾಡಿದ ಅಂಗಿಯಲ್ಲಿ ನಿಂತಿದ್ದ. ಪರಪ್ಪನವರು ವಿಜಯಪುರದ ಕಡೆಯವರು, ಒಳ್ಳೆಯ ಮನುಷ್ಯ. ಕುರ್ಚಿ ಕೊಟ್ಟು, ಇವರ ಪತ್ರವನ್ನು ಅತ್ತಿಗೆಯ ಮುಂದಿಟ್ಟರು.

"ಅಕ್ಕಾರ, ನಿಮ್ಮ ತಮ್ಮಾರು ಬರದು ಕೊಟ್ಟಾರ. ಈ ಧನರಾಜ ನಿಮ್ಮ ಮಗ ಹೌದಲ್ರಿ?"

ಅತ್ತಿಗೆ ಓದಿದರು. ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಓದಿದರು. ಆಮೇಲೆ ತಮ್ಮನ ಕಡೆ ತಿರುಗಿದರು. ಇವರು ನೆಲ ನೋಡುತ್ತಿದ್ದರು, ಕಿವಿ ಕೆಂಪಾಗಿತ್ತು. ಅತ್ತಿಗೆ ಪೇದೆಯನ್ನೂ ನೋಡಿದರು. ಇಲ್ಲ ಎಂದರೆ ಏನಾಗುತ್ತದೆ ಎಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಟೆಲಿಫೋನ್ ಆಫೀಸಿನಲ್ಲಿ ಇಡೀ ಆಯುಷ್ಯ ಕೆಲಸ ಮಾಡಿದ ಹೆಂಗಸು ಅವರು.

ನಾನು ಮನಸ್ಸಿನಲ್ಲೇ ಹೇಳುತ್ತಿದ್ದೆ, ಇಲ್ಲ ಅನ್ನಿ ಅತ್ತಿಗೆ, ನಿಮ್ಮ ಮನೆ ನೀವು ನೋಡಿಕೊಳ್ಳಿ. ಆದರೆ ಇವರನ್ನು ಪೊಲೀಸರು ಕರೆದುಕೊಂಡು ಹೋಗುವುದು ಕಣ್ಣಿಗೆ ಕಟ್ಟಿ, ಹೂಂ ಅನ್ನಿ ಎಂದೂ ಬೇಡುತ್ತಿದ್ದೆ.

"ಹೌದು, ನನ್ನ ಮಗ" ಎಂದರು ಅತ್ತಿಗೆ.

"ಹಂಗಾರ ಇಲ್ಲೆ ಸಹಿ ಮಾಡ್ರಿ. ಮಗ ಅಂತ ಬರೀರಿ ಮತ್ತ."

ಅವರು ಬರೆದರು. ದುಂಡಗಿನ ಅಕ್ಷರ. ಧನರಾಜ ಎಲ್ಲರ ಎದುರು ಬಗ್ಗಿ ಅವರ ಕಾಲು ಮುಟ್ಟಿದ. "ಅಮ್ಮ, ಮೇಲೆ ಬನ್ನಿ, ಚಾ ಕುಡಿದು ಹೋಗಿ" ಎಂದ. ಪರಪ್ಪನವರು ನೋಡುತ್ತಿದ್ದರು, ಹೋಗದೆ ಉಪಾಯವಿರಲಿಲ್ಲ. ಅವನ ಹೆಂಡತಿ ಶ್ರಾವ್ಯಾ ಚಹಾ ತಂದಿಟ್ಟಳು. ಪಾಪದ ಹುಡುಗಿ, ತಲೆಯೆತ್ತಲಿಲ್ಲ. ಅತ್ತಿಗೆ ಪೂರ್ತಿ ಚಹಾ ಕುಡಿದರು, ಲೋಟ ತಾವೇ ತೊಳೆದಿಟ್ಟರು. ಆ ಅಡುಗೆಮನೆಯಲ್ಲಿ ಅವರು ನಿಂತದ್ದು ಅಷ್ಟೇ ಹೊತ್ತು.

ಗೇಟಿನ ಹೊರಗೆ ಬಂದಾಗ ಇವರು ಮಗುವಿನ ಹಾಗೆ ಅತ್ತರು. "ತಪ್ಪಾಯಿತು ಅಕ್ಕ."

"ಅಳಬೇಡ" ಎಂದರು ಅತ್ತಿಗೆ. ದನಿಯಲ್ಲಿ ಸಿಟ್ಟಿರಲಿಲ್ಲ. "ಎಷ್ಟು ತೊಟ್ಟಿಲ ಶಾಸ್ತ್ರಕ್ಕೆ ಹೋಗಿದ್ದೇನೆ, ಎಷ್ಟು ಜನ ಕೇಳಿದ್ದಾರೆ. ಒಂದು ಮಗು ಹುಟ್ಟಿ ತೀರಿಹೋಯಿತು ಅಂತಲೂ ನಾನು ಸುಳ್ಳು ಹೇಳಿದವಳಲ್ಲ. ಆಗಲಿಲ್ಲ ಅಂತಲೇ ಹೇಳಿದ್ದೇನೆ. ಇವತ್ತು ಹೆತ್ತಿದ್ದೇನೆ ಅಂತ ನನ್ನ ಕೈಯಲ್ಲೇ ಬರೆಸಿದೆಯಲ್ಲ ಸದಾ. ಇನ್ನು ಅವನಿಂದ ಮನೆ ಬಿಡಿಸಿಕೊಡಿ ಅಂತ ಯಾರನ್ನು ಕೇಳಲಿ? ತಾಯಿ ಮಗನ ಮೇಲೆ ಕೇಸು ಹಾಕಲಿಕ್ಕೆ ಉಂಟಾ?"

ರಿಕ್ಷಾ ಒಂದು ಬಂದು ಪಕ್ಕದಲ್ಲಿ ನಿಂತಿತು. "ಕಹಾಂ ಜಾನಾ ಹೈ?" ಎಂದು ಡ್ರೈವರ್ ಕೇಳಿದ. ಎಲ್ಲಿಗೆ ಎಂದು ಕೇಳಿದವನಿಗೆ ಸ್ಟೇಷನ್ ಎಂದಿದ್ದರೆ ಸಾಕಿತ್ತು. ಅತ್ತಿಗೆ ತಿರುಗಿ ಆ ಮನೆಯ ಕಿಟಕಿ ನೋಡುತ್ತಿದ್ದರು. ಅವನು ಸ್ವಲ್ಪ ಹೊತ್ತು ಕಾದು, ನಮ್ಮ ಮುಖ ನೋಡಿ, ಹೊರಟುಹೋದ.