ಎರಡು ಸಾಲು ಹಲ್ಲು

ಅದು ಕೆಲಸ ಕೇಳಿ ಬಂದವರನ್ನ ಹೊಲಿಸಿ ನೋಡುವ ಟ್ರಯಲ್ ಮಿಷಿನ್ನಿನ ಸದ್ದೇ, ಹಾರೋಹಳ್ಳಿಯ ಈ ಗಾರ್ಮೆಂಟ್ಸ್ ಶೆಡ್ಡಿನೊಳಗೆ ಇಷ್ಟೊಂದು ಮಿಷಿನ್ನುಗಳು ಒಟ್ಟಿಗೆ ಗುರುಗುಟ್ಟುತ್ತಿದ್ದರೂ ಕಿಟಕಿ ಪಕ್ಕದ ಅದೊಂದರ ಸದ್ದು ನಾಗಲಕ್ಷ್ಮಮ್ಮನ ಕಿವಿಗೆ ಬೇರೆಯಾಗಿಯೇ ಬೀಳುತ್ತಿದೆ, ಒಂದಿಷ್ಟು ಓಡುತ್ತೆ, ನಿಲ್ಲುತ್ತೆ, ಮತ್ತೆ ಓಡುತ್ತೆ, ಹೊಸಬರ ಕಾಲೇ ಹಾಗೆ, ಪೆಡಲಿನ ಮೇಲೆ ನಂಬಿಕೆ ಬರೋದಿಲ್ಲ, ಓಡು ಅಂದರೆ ಹಾರುತ್ತೆ, ನಿಲ್ಲು ಅಂದರೆ ಮುಗ್ಗರಿಸುತ್ತೆ — ಮಗಳು ರಮ್ಯಾ ಇನ್ನೂ ಚಿಂದಿ ಮೇಲೆ ಕಾಲು ಪಳಗಿಸಿಕೊಳ್ಳುತ್ತಿದ್ದಾಳೆ, ದಪ್ಪ ಚಿಂದಿ, ಅದರಲ್ಲಿ ಏನೂ ಗೊತ್ತಾಗೋದಿಲ್ಲ, ಗೊತ್ತಾಗೋದು ಬನಿಯನ್ ಬಟ್ಟೆ ಕೈಗೆ ಕೊಟ್ಟ ಮೇಲೆ, ಆಗ ಅಂಚು ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಅಲೆ ಅಲೆಯಾಗಿ ಏಳುತ್ತೆ, ಒತ್ತಿದರೂ ಕೂರಲ್ಲ, ಇಸ್ತ್ರಿ ಹಾಕಿದರೂ ಕೂರಲ್ಲ, ಇನ್‌ಚಾರ್ಜು ಪ್ರಕಾಶ ಅದನ್ನ ಎರಡು ಬೆರಳಲ್ಲಿ ಎತ್ತಿ ಹಿಡಿದು ಕೈ ಕೂತಿಲ್ಲಮ್ಮ, ಒಸಿ ದಿನ ಬಿಟ್ಟು ಬಾ ಅಂತಾನೆ, ಹೋದ ವಾರ ಬಿಡದಿ ಕಡೆಯಿಂದ ಬಂದಿದ್ದ ಹುಡುಗಿಗೆ ಅಂದ ಹಾಗೆ, ಅಷ್ಟೇ, ಅಷ್ಟಾದರೆ ಸಾಕು. ಕಬ್ಬಾಳಮ್ಮನಿಗೆ ಹರಕೆ ಹೊರುವ ತಾಯಂದಿರೆಲ್ಲ ಮಗು ಪಾಸಾಗಲಿ ಅಂತ ಹೊರುತ್ತಾರೆ, ತಾನು ಏನಂತ ಹೊರೋದು, ಅವ್ವ ತಾಯಿ, ನನ್ನ ಮಗಳನ್ನ ಫೇಲು ಮಾಡು ಅಂತಲೇ — ಬರೀ ಬೇಡಿಕೊಂಡಿದ್ದರೆ ದೇವರ ಮೇಲಾದರೂ ಹಾಕಬಹುದಿತ್ತು, ಬೆಳಿಗ್ಗೆ ಬೆಲ್ಲು ಹೊಡೆಯುವ ಮುಂಚೆ ಎಲ್ಲರೂ ಅವರವರ ಮಿಷಿನ್ನು ಒರೆಸುತ್ತಿದ್ದಾಗ ಆ ಮಿಷಿನ್ನನ್ನೂ ಒರೆಸುವವಳ ಹಾಗೆ ಹೋಗಿ, ಅದರ ಪಕ್ಕೆಯಲ್ಲಿರುವ ತಿರುಪು ಸಡಿಲಿಸಿ, ಪುಟ್ಟ ಹಿಡಿಯನ್ನ ಮೇಲಕ್ಕೆ ತಳ್ಳಿ, ಮತ್ತೆ ತಿರುಪು ಬಿಗಿ ಮಾಡಿ ಬಂದವಳು ಇವಳೇ ತಾನೆ, ಕಬ್ಬಾಳಮ್ಮ ಅಲ್ಲವಲ್ಲ. ಸಂಜೆಗೆ ಕನಕಪುರದ ಕಾಲೇಜಿನಲ್ಲಿ ಅಡ್ಮಿಷನ್ ಮುಗಿಯುತ್ತೆ, ಇವತ್ತೇ ಕೊನೆ, ಮಾರ್ಕ್ಸ್ ಕಾರ್ಡು ಇವಳ ಊಟದ ಬ್ಯಾಗಿನ ತಳದಲ್ಲಿದೆ, ಡಬ್ಬಿಯ ಕೆಳಗೆ, ರಮ್ಯಾಗೆ ಗೊತ್ತಿಲ್ಲ, ಇಲ್ಲಿ ಬೇಡ ಅನ್ನಿಸಿಕೊಂಡು ಹೊರಬಿದ್ದಳೋ ಗೇಟಿನಲ್ಲೇ ಅದನ್ನ ಕೈಗಿಟ್ಟು ಬಸ್ಸು ಹತ್ತಿಸೋದು, ಅಳಲಿ, ಕನಕಪುರದವರೆಗೂ ಕಿಟಕಿಗೆ ಮುಖ ಕೊಟ್ಟುಕೊಂಡು ಅತ್ತುಕೊಂಡೇ ಹೋಗಲಿ, ಅಳು ಒಂದು ದಿನದ್ದು. ಎದುರು ಮಿಷಿನ್ನಿನ ಮುನಿಯಮ್ಮ ತಲೆ ಎತ್ತದೆ ಅಂದಳು, ಏನವ್ವ ನಾಗಲಕ್ಷ್ಮಿ, ಮಗಳ್ನ ಹೆರ್ಗೆ ರೂಮಿಗೆ ಕಳ್ಸ್ದಂಗೆ ಕುಂತಿದೀಯ, ಹೊಲಿಯೋಳು ಅವ್ಳು, ಬೆವರೋಳು ನೀನಾ, ಇವಳು ನಕ್ಕ ಹಾಗೆ ಮಾಡಿ ಕೈ ನೋಡಿಕೊಂಡಳು, ಎಡತೋಳನ್ನ ಬಲಕ್ಕೆ ಕೂಡಿಸಿ ಹೊಲಿದಿದ್ದಳು, ಬಿಚ್ಚಬೇಕು, ಇಷ್ಟು ವರ್ಷದಲ್ಲಿ ತೋಳು ಅದಲು ಬದಲು ಮಾಡಿದವಳಲ್ಲ.

ಸೂಜಿ ಬರೀ ಚುಚ್ಚೋದು ಅಕ್ಕ, ಬಟ್ಟೆ ನಡೆಸೋದು ಕೆಳಗಿನ ಹಲ್ಲು, ಅಂದಿದ್ದವನು ಚನ್ನಪಟ್ಟಣದ ಶೋಯೆಬ್, ಈ ಫ್ಲೋರಿನ ಮೆಕ್ಯಾನಿಕ್ಕು, ಒಂದು ದಿನ ಕರೆಂಟು ಹೋಗಿ ಎಲ್ಲರೂ ಸುಮ್ಮನೆ ಕೂತಿದ್ದಾಗ ಇವಳ ಮಿಷಿನ್ನಿನ ಸೂಜಿ ಕೆಳಗಿನ ತಟ್ಟೆ ಬಿಚ್ಚಿ ತೋರಿಸಿದ್ದ, ಒಂದರ ಹಿಂದೆ ಒಂದು, ಎರಡು ಸಾಲು ಹಲ್ಲು, ಹಾಲುಹಲ್ಲಿನಷ್ಟು ಸಣ್ಣವು, ಮುಂದಿನ ಸಾಲು ಬಟ್ಟೆ ಕೊಡುತ್ತೆ, ಹಿಂದಿನ ಸಾಲು ಎಳ್ಕೊಳ್ಳುತ್ತೆ, ಹಿಗ್ಗೋ ಬಟ್ಟೆ ಆದರೆ ಮುಂದಿನದು ಒಂಚೂರು ಜಾಸ್ತಿ ಕೊಡಬೇಕು, ಕಮ್ಮಿ ಕೊಡ್ತೋ, ಹಿಂದಿನದು ಎಳೆದೂ ಎಳೆದೂ ಅಂಚು ಅಲೆ ಬೀಳುತ್ತೆ, ಎಷ್ಟು ಕೊಡಬೇಕು ಅಂತ ಹೇಳೋದು ಪಕ್ಕೆಯಲ್ಲಿರೋ ಈ ಹಿಡಿ, ಅತ್ತೆ ಸೊಸೆ ಇದ್ದಂಗೆ ಅಂದ್ಕೊಳ್ಳಿ, ಅಂದಿದ್ದ, ಅವನಿಗಿನ್ನೂ ಆಗ ಮದುವೆಯಾಗಿರಲಿಲ್ಲ, ನಿಂಗೆ ಯಾವ ಅತ್ತೆ ಗೊತ್ತಪ್ಪ ಅಂತ ಮುನಿಯಮ್ಮ ನಕ್ಕಿದ್ದೇ ನಕ್ಕಿದ್ದು. ಅವತ್ತು ಸಂಜೆ ದೊಡ್ಡಆಲಹಳ್ಳಿಯ ಮನೆಯಲ್ಲಿ, ರಮ್ಯಾ ಎರಡನೇ ಕ್ಲಾಸೋ ಮೂರನೆಯದೋ, ಅವ್ವ ನೀನು ಅಲ್ಲಿ ದಿನಾ ಏನ್ ಮಾಡ್ತೀಯ ಅಂದವಳನ್ನ ಚಾಪೆ ಮೇಲೆ ಅಂಗಾತ ಮಲಗಿಸಿ, ಅಪ್ಪನ ಹಳೇ ಬನಿಯನ್ ತೊಟ್ಟ ಹೊಟ್ಟೆ ಮೇಲೆ ಎರಡೂ ಅಂಗೈ ಊರಿ, ಇದು ಮುಂದಿನ ಹಲ್ಲು, ಇದು ಹಿಂದಿನ ಹಲ್ಲು, ಕಚ್ಚು ಎತ್ತು ನಡಿ, ಕಚ್ಚು ಎತ್ತು ನಡಿ, ಮುಂದಿನ ಕೈ ಜೋರಾದರೆ ಬನಿಯನ್ನು ಮುದುಡಿ ಗುಡ್ಡೆ, ಹಿಂದಿನ ಕೈ ಜೋರಾದರೆ ಎಳೆದು ಹಪ್ಪಳ, ಪಕ್ಕೆಯಲ್ಲಿದೆ ಹಿಡಿ, ಹಿಡಿಗೊಂದು ತಿರುಪು, ಅಲ್ಲಿ ತಿರುಗಿಸಿದರೆ ಎಲ್ಲ ಸರಿ, ಮಗು ಕಚಗುಳಿಗೆ ಒದ್ದಾಡಿ ಒದ್ದಾಡಿ ಕಣ್ಣಲ್ಲಿ ನೀರು, ಆಮೇಲೆ ಎಷ್ಟೋ ದಿನ ಮಲಗುವ ಹೊತ್ತಿಗೆ ಅದೇ ರಾಗ, ಅವ್ವ ಹಲ್ಲಾಟ ಆಡವ್ವ, ಕೈ ಸೋತೈತೆ ಮಲ್ಕೊ ಅಂದರೆ ತಾನೇ ಅವ್ವನ ಹೊಟ್ಟೆ ಮೇಲೆ ಪುಟ್ಟ ಅಂಗೈ ಊರೋಳು — ಮರೆತಿರುತ್ತಾಳೆ, ಯಾವ ಕಾಲದ ಆಟ, ಮಕ್ಕಳಿಗೆ ಅವೆಲ್ಲ ಎಲ್ಲಿ ನೆನಪಿರುತ್ತೆ. ಅಂಥ ಹುಡುಗಿ, ಹಾಲುತೊಂಡೆ ರೋಗ ಬಂದ ರೇಷ್ಮೆಹುಳವನ್ನ ಗಾಜಿನ ಚೂರಿನ ಮೇಲಿಟ್ಟು ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡುವವಳು, ಅಪ್ಪ ಈ ತಟ್ಟೆ ಬೇರೆ ಮಾಡು, ಆ ತಟ್ಟೆಗೆ ಸುಣ್ಣ ಉದುರಿಸು ಅನ್ನುವವಳು, ಬಿಎಸ್ಸಿ ಮಾಡ್ತೀನಿ, ರೇಷ್ಮೆದೇ ತಗೋತೀನಿ ಅಂತ ಹೈಸ್ಕೂಲಿನಿಂದ ಜಪ ಮಾಡಿದವಳು, ಈಗ ಓದೋದು ಸಾಕು ಅಂತ ಕೂತಿದ್ದಾಳಲ್ಲ, ಯಾವತ್ತಿನಿಂದ, ಆ ಮುದ್ದೆ ಉರುಳಿದ ಸಂಜೆಯಿಂದ. ಇವಳ ಬಲಗೈಯ ಬೆರಳು ಜೋಮು ಹಿಡಿಯೋದು ಹೊಸದಲ್ಲ, ಮೊದಲು ತುದಿ, ಆಮೇಲೆ ಗಿಣ್ಣು, ಈಗ ಬೆಳಿಗ್ಗೆ ಎದ್ದರೆ ಕೈ ತನ್ನದೋ ಪಕ್ಕದ ಮನೆಯವಳದೋ ಅನ್ನಿಸುತ್ತೆ, ಯಾರಿಗೂ ಹೇಳಿರಲಿಲ್ಲ, ಅವತ್ತು ಮುದ್ದೆ ತೊಳಸುವಾಗ ಕೋಲು ಜಾರಿ ಪಾತ್ರೆ ಸಮೇತ ನೆಲಕ್ಕೆ, ಗಂಡ ಗಂಗಹನುಮಯ್ಯ ರಾಮನಗರದ ಮಾರ್ಕೆಟ್ಟಿಗೆ ರೇಷ್ಮೆಗೂಡು ಹಾಕಿಕೊಂಡು ಹೋಗಿದ್ದ, ಮನೆಯಲ್ಲಿ ಇವಳು, ರಮ್ಯಾ ಇಬ್ಬರೇ, ರಮ್ಯಾ ಇವಳ ಕೈಯನ್ನೊಮ್ಮೆ, ಮುಖವನ್ನೊಮ್ಮೆ ನೋಡುತ್ತಾ ನೆಲ ಬಳಿದು, ತಾನೇ ಎಸರಿಟ್ಟು, ಕೋಲು ಹಿಡಿದು ತೊಳಸಿ, ತಟ್ಟೆಗೆ ಮುದ್ದೆ ಹಾಕುತ್ತಾ ಅಂದಳು, ಅದಕ್ಕೇ ಅಲ್ವಾ, ಎಣ್ಣೆ ಡಬ್ಬಿ ಮುಚ್ಚಳ, ನೀರಿನ ಬಾಟ್ಲಿ ಮುಚ್ಚಳ, ಉಪ್ಪಿನಕಾಯಿ ಜಾಡಿ, ಒಂದನ್ನೂ ನೀನು ನೆಟ್ಟಗೆ ಬಿಗಿ ಮಾಡ್ತಿಲ್ಲ, ನಿನ್ನ ಹಿಂದೇನೆ ಬಂದು ನಾನು ಬಿಗಿ ಮಾಡ್ತೀನಿ, ನಿಂಗೆ ಗೊತ್ತೇ ಆಗಿಲ್ಲ. ಗೊತ್ತೇ ಆಗಿರಲಿಲ್ಲ ನಿಜ, ಬೆರಳಿಗೆ ಬಿಗಿಯಾಯಿತು ಅನ್ನಿಸಿದರೆ ಆಯಿತು ಅಂತಲೇ ಅಲ್ಲವಾ, ಬೆರಳು ಸುಳ್ಳು ಹೇಳಿದರೆ ಯಾರನ್ನ ಕೇಳೋದು. ಮಾರನೇ ದಿನವೇ ಫ್ಯಾಕ್ಟರಿ ವ್ಯಾನಿನ ಡ್ರೈವರಿಗೆ ಫೋನು ಮಾಡಿ ಟ್ರಯಲ್ ಯಾವತ್ತು ತಗೋತಾರೆ ಅಂತ ವಿಚಾರಿಸಿದ್ದಳು, ನೀನು ಮನೇಲಿರು ಕಣವ್ವ, ನಾನು ಹೋಯ್ತೀನಿ ಅಂದಳು, ಇವಳು ಬೈದಾಯಿತು, ಮಾತು ಬಿಟ್ಟಾಯಿತು, ಗಂಡನನ್ನ ಕೇಳಿದರೆ ಬೀಡಿ ಕಚ್ಚಿಕೊಂಡು ಓದ್ಲಿ ಅಂದ್ರೆ ಓದ್ಲಿ, ದುಡೀಲಿ ಅಂದ್ರೆ ದುಡೀಲಿ, ಮೊದ್ಲು ನೀವಿಬ್ರೂ ಒಂದ್ ಮಾತಿಗೆ ಬನ್ನಿ ಅಂದು ಹುಳಕ್ಕೆ ಸೊಪ್ಪು ಹೆಚ್ಚೋಕೆ ಹೋದ, ಒಂದು ಮಾತಿಗೆ ಬರೋದು ಅಂದರೆ ಏನು, ಅವಳು ಇವಳ ಕೈ ಉಳಿಸಬೇಕು ಅಂತಾಳೆ, ಇವಳು ಅವಳ ಕೈ ಉಳಿಸಬೇಕು ಅಂತಾಳೆ, ಇರೋದು ಒಂದೇ ಬಟ್ಟೆ.

ಸದ್ದು ಬದಲಾಯಿತು. ತೆಳ್ಳಗೆ, ಬನಿಯನ್ ಬಟ್ಟೆಯ ಸದ್ದು ಅದು, ಕೊಟ್ಟರು, ಶುರು ಮಾಡಿದಳು — ನೋಡಬಾರದು, ನೋಡಿದರೆ ಮುನಿಯಮ್ಮನಿಗೆ ಗೊತ್ತಾಗುತ್ತೆ, ಆದರೂ ಕತ್ತು ತಿರುಗಿತು, ಮಿಷಿನ್ನಿನ ಹಿಂದೆ ಅಂಚು ಹೊರಬರುತ್ತಿದೆ, ಬಂದ ಬಂದಹಾಗೇ ಏಳುತ್ತಿದೆ, ಅಲೆ, ಅಲೆ, ಹಪ್ಪಳ, ರಮ್ಯಾಳ ಕಾಲು ನಿಂತಿತು, ಬಟ್ಟೆಯನ್ನ ಮಡಿಲಲ್ಲಿ ಹಾಸಿ ಅಂಗೈಯಲ್ಲಿ ಸವರಿದಳು, ಕೂರಲಿಲ್ಲ, ಇನ್ನೊಮ್ಮೆ ಸವರಿದಳು, ಆ ಮುಖ, ದೇವರೇ, ಆ ಮುಖವನ್ನ ಇವಳು ಲೆಕ್ಕಕ್ಕೇ ಹಿಡಿದಿರಲಿಲ್ಲ, ಅಳುತ್ತಾಳೆ ಅಂತ ಗೊತ್ತಿತ್ತು, ತನ್ನ ಕೈಯನ್ನೇ ಹೀಗೆ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಾಳೆ ಅಂತ ಗೊತ್ತಿರಲಿಲ್ಲ. ಪ್ರಕಾಶ ಬಂದ, ಎರಡು ಬೆರಳಲ್ಲಿ ಎತ್ತಿದ, ಥೇಟ್ ಇವಳು ಅಂದುಕೊಂಡ ಹಾಗೆ, ಆದರೆ ಕೈ ಕೂತಿಲ್ಲ ಅನ್ನಲಿಲ್ಲ, ಹುಬ್ಬು ಗಂಟಿಕ್ಕಿ ಬಗ್ಗಿ ಮಿಷಿನ್ನು ನೋಡಿದ, ಇದು ಕೈದಲ್ಲ, ಸೆಟಿಂಗ್ ಹೋಗೈತೆ, ಶೋಯೆಬ್ ಎಲ್ಲಿ ಸತ್ತ, ನೆನ್ನೆ ತಾನೆ ಚೆಕ್ ಮಾಡಿದೀನಿ ಅಂದ್ನಲ್ಲ, ಬರ್ಲಿ ಇವತ್ತು ಅವನಿಗೈತೆ — ಶೋಯೆಬ್, ಅವನ ವಿಷಯ ಇವಳ ತಲೆಗೇ ಬಂದಿರಲಿಲ್ಲ, ಯಾವ ಮಾತಿಗೂ ಅಕ್ಕ ಅಂತಲೇ ಶುರು ಮಾಡುವ ಶೋಯೆಬ್, ಮೆಕ್ಯಾನಿಕ್ಕು ಬಿಟ್ಟು ಇನ್ಯಾರೂ ಮುಟ್ಟಬಾರದು ಅಂತ ಗೋಡೆ ಮೇಲೆ ಬರೆದಿರೋ ಹಿಡಿ ಅದು, ಅವನಲ್ಲದೆ ಈ ಫ್ಲೋರಿನಲ್ಲಿ ಅದನ್ನ ಬಲ್ಲವರು ಯಾರು ಅಂತ ಶೋಯೆಬ್‌ಗೆ ಗೊತ್ತು, ಹೇಳುತ್ತಾನಾ, ಹೇಳಲ್ಲ, ಬೈಸಿಕೊಂಡು ಸುಮ್ಮನಿರುತ್ತಾನೆ, ಅದೇ ಕಷ್ಟ. ಎದ್ದು ಹೋಗಿ ಹೇಳಿಬಿಡಲಾ, ಸಾರ್ ನಾನೇ ಒರೆಸುವಾಗ ಕೈ ತಾಗಿರಬೇಕು, ಹೇಳಿದರೆ ಅವನು ಸರಿ ಮಾಡಿಸುತ್ತಾನೆ, ಸರಿಯಾದರೆ ಅವಳು ಪಾಸು, ಹೇಳದಿದ್ದರೆ ಬೈಸಿಕೊಳ್ಳೋದು ಶೋಯೆಬ್, ಅರ್ಧ ಎದ್ದಳು, ಮತ್ತೆ ಕೂತಳು, ಸ್ಟೂಲು ಕಿರ್ ಅಂದಿತು, ಅಷ್ಟರಲ್ಲಿ ಪ್ರಕಾಶನ ಫೋನು, ಹಲೋ ಸಾರ್, ಹಾ ಸಾರ್, ಲೋಡಿಂಗ್ ಆಗ್ತೈತೆ ಸಾರ್, ಅವನು ಬಾಗಿಲ ಕಡೆ ನಡೆದ, ರಮ್ಯಾ ಒಬ್ಬಳೇ ಉಳಿದಳು. ಒಬ್ಬಳೇ ಕೂತು ಆ ಅಂಚನ್ನ ನೋಡುತ್ತಿದ್ದಾಳೆ. ಬಟ್ಟೆಯನ್ನ ಮಿಷಿನ್ನಿನ ಮುಂದಿನ ಹಲಗೆ ಮೇಲೆ ಹಾಸಿದಳು. ಎರಡೂ ಅಂಗೈ ಊರಿದಳು. ಒಂದು ಮುಂದೆ, ಒಂದು ಹಿಂದೆ. ತುಟಿ ಅಲ್ಲಾಡುತ್ತಿದೆ, ಇಲ್ಲಿಗೆ ಕೇಳಿಸಲ್ಲ, ಕೇಳಿಸಬೇಕಾಗಿಲ್ಲ, ಕಚ್ಚು ಎತ್ತು ನಡಿ, ಕಚ್ಚು ಎತ್ತು ನಡಿ — ಹಿಂದಿನ ಕೈ ಎಳೆಯಿತು, ಮುಂದಿನ ಕೈ ತಡೆಯಿತು, ಬಟ್ಟೆ ಅಲೆ ಎದ್ದಿತು, ಮುಖದಲ್ಲಿ ಏನೋ ಹತ್ತಿಕೊಂಡಿತು, ಇವಳ ಒಳಗೆಲ್ಲೋ ಭಲೇ ಅಂದಿತು, ಭಲೇ ನನ್ನ ಮಗಳೇ, ಛೀ, ಯಾವ ಬಾಯಲ್ಲಿ ಭಲೇ ಅನ್ನೋದು. ರಮ್ಯಾ ಬಗ್ಗಿ ಮಿಷಿನ್ನಿನ ಪಕ್ಕೆಗೆ ಕೈ ಹಾಕಿದಳು, ತಡಕಿದಳು, ಹಿಡಿ ಸಿಕ್ಕಿತು, ತಿರುಪು ಸಿಕ್ಕಿತು, ಬೆರಳಿಟ್ಟಳು, ಇಟ್ಟವಳು ಹಾಗೇ ನಿಂತುಬಿಟ್ಟಳು. ಯಾಕೆ ನಿಂತಳು, ತಿರುಗಿಸೇ, ಯಾರಾದರೂ ಬಂದಾರು, ತಿರುಗಿಸು, ಯಾಕೆ ಸುಮ್ಮನೆ ಅದನ್ನ ಎರಡು ಬೆರಳಲ್ಲಿ ಆಡಿಸುತ್ತಿದ್ದಾಳೆ, ಹಗುರಾಗಿ, ಅತ್ತ ಇತ್ತ, ತಿರುಪು ಅಷ್ಟು ಹಗುರಾಗಿ ಆಡುತ್ತಾ, ಬಿಗಿ ಮಾಡಿ ಬಂದಿದ್ದೆನಲ್ಲ, ಬೆಳಿಗ್ಗೆ ಬೆರಳಿಗೆ ಬಿಗಿಯಾಯಿತು ಅನ್ನಿಸಿತ್ತಲ್ಲ — ಎಣ್ಣೆ ಡಬ್ಬಿ, ನೀರಿನ ಬಾಟ್ಲಿ, ಉಪ್ಪಿನಕಾಯಿ ಜಾಡಿ. ರಮ್ಯಾ ತಲೆ ಎತ್ತಿದಳು. ಬಾಗಿಲ ಕಡೆಗಲ್ಲ, ಪ್ರಕಾಶನ ಕಡೆಗಲ್ಲ, ಇಷ್ಟು ಮಿಷಿನ್ನು, ಇಷ್ಟು ತಲೆಗಳನ್ನ ದಾಟಿ ನೇರ ಇಲ್ಲಿಗೆ ನೋಡಿದಳು, ಕೋಪ ಇದ್ದಿದ್ದರೆ ಎಷ್ಟೋ ವಾಸಿಯಿತ್ತು, ಮುದ್ದೆ ಉರುಳಿದ ಸಂಜೆ ನೆಲ ಬಳಿಯುತ್ತಾ ನೋಡಿದಳಲ್ಲ, ಅದೇ ನೋಟ, ನಾಗಲಕ್ಷ್ಮಮ್ಮ ಕಣ್ಣು ತಗ್ಗಿಸಿ ಬಿಚ್ಚಿದ ತೋಳನ್ನ ಮತ್ತೆ ಕೂಡಿಸಿದಳು, ಯಾವ ತೋಳೋ.

ಹಿಡಿ ಕೆಳಕ್ಕೆ ಬಂದಿರಬೇಕು, ಆಮೇಲಿನ ಸದ್ದು ಒಂದೇ ಸಮ, ನಿಲ್ಲಲಿಲ್ಲ, ಮುಗ್ಗರಿಸಲಿಲ್ಲ, ಮಳೆ ನಿಂತ ಮೇಲೆ ನಾಲೆ ಹರಿದ ಹಾಗೆ, ಪ್ರಕಾಶ ಬಂದು ಬಟ್ಟೆ ಎತ್ತಿ ಬೆಳಕಿಗೆ ಹಿಡಿದು ಏನಮ್ಮ ಈಗ ಸರಿ ಬಂತು ಅಂದಿದ್ದು, ಬಟ್ಟೆ ಎಳೀತಿದ್ದೆ ಅನ್ಸುತ್ತೆ ಸಾರ್, ಕೈ ಹಗುರ ಮಾಡ್ದೆ, ಅಂತ ರಮ್ಯಾ ತಪ್ಪು ತನ್ನ ಮೇಲೆ ಹಾಕಿಕೊಂಡಿದ್ದು, ಅಲ್ಲಿಗೆ ಬಂದ ಶೋಯೆಬ್ ಹಿಡಿಯ ಮೇಲೊಮ್ಮೆ ಕಣ್ಣಾಡಿಸಿ ಹೋಗಿದ್ದು, ಪ್ರಕಾಶ ನಾಳೆಯಿಂದ ಬಾ, ಆಫೀಸಲ್ಲಿ ಆಧಾರ್ ಕೊಟ್ಟು ಹೋಗು ಅಂದಿದ್ದು, ಎಲ್ಲ ಕಂಡಿತು, ಕೇಳಿಸಿತು, ಬಂದಳಲ್ಲವ್ವ ನಿನ್ನ ಸೀಟಿಗೆ ಸವತಿ ಅಂತ ಮುನಿಯಮ್ಮ ಹಲ್ಲು ಕಿರಿದಿದ್ದೂ ಕೇಳಿಸಿತು. ಸಂಜೆವರೆಗೂ ಟೈಮೈತೆ, ಬ್ಯಾಗಲ್ಲಿ ಮಾರ್ಕ್ಸ್ ಕಾರ್ಡೈತೆ, ಅನ್ನಬೇಕು, ಇವಳ ಮಿಷಿನ್ನು ದಾಟುವಾಗ ಕೈ ಹಿಡಿದು ನಿಲ್ಲಿಸಿ ಅನ್ನಬೇಕು, ಇನ್ನೇನು ಬಂದಳು, ನಿಂತಳು, ತಾನಾಗಿಯೇ ನಿಂತಳು, ಪಕ್ಕದವರಿಗೂ ಕೇಳದ ಹಾಗೆ ಬಗ್ಗಿ ಅಂದಳು, ಅವ್ವ, ತಿರುಪ ಒಸಿ ಲೂಸ್ ಬುಟ್ಟಿದ್ದೆ ನೀನು, ಬಿಗಿ ಮಾಡಿವ್ನಿ. ಅಂದು, ಮೊದಲು ಹೊಲಿದ ಆ ಬಟ್ಟೆಯನ್ನ ಇವಳ ಮಿಷಿನ್ನಿನ ಮೇಲಿಟ್ಟು ಆಫೀಸಿನ ಕಡೆ ಹೋದಳು, ಕರೆಯಬೇಕು, ರಮ್ಯಾ ಅನ್ನಬೇಕು, ಕೈ ಮಾತ್ರ ಬಟ್ಟೆಯ ಮೇಲಿದೆ, ಅಂಚು ಎದ್ದು ನಿಂತಿದೆ, ಒತ್ತುತ್ತಾಳೆ, ಕೈ ತೆಗೆದರೆ ಏಳುತ್ತೆ, ಮತ್ತೆ ಒತ್ತುತ್ತಾಳೆ, ಬೆರಳಿಗೆ ಗೊತ್ತಾಗೋದಿಲ್ಲ, ಬೆರಳ ಕೆಳಗೆ ಏನೂ ಇಲ್ಲದ ಹಾಗೆ ಬರೀ ನುಣ್ಣಗಿದೆ, ಕಣ್ಣಿಗೆ ಕಾಣುತ್ತೆ, ಏಳುತ್ತೆ, ಒತ್ತುತ್ತಾಳೆ, ಏಳುತ್ತೆ, ಅಲೆ