ಬಾಡಿಗೆ ಗಂಡು

ಆ ಮನೆಯಲ್ಲಿ ಸಿನಿಮಾದ ಕೊನೆಯನ್ನು ಮೊದಲೇ ಹೇಳುವ ಹಕ್ಕು ದೊಡ್ಡಮ್ಮನದು. ವರ್ಷದ ಕೊನೆಯ ರಜೆಗೆ ಮನೆಮಂದಿಯೆಲ್ಲ ಅಜ್ಜಿಯ ಮನೆಯಲ್ಲಿ ಸೇರುತ್ತಿದ್ದರು. ಸೇರಿದವರು ಹರಟೆಗೆ ಕೂರುತ್ತಿರಲಿಲ್ಲ, ಟೀವಿಯ ಮುಂದೆ ಕೂರುತ್ತಿದ್ದರು. ನೋಡುತ್ತಿದ್ದುದು ಒಂದೇ ಬಗೆಯ ಇಂಗ್ಲಿಷ್ ಸಿನಿಮಾ. ಪಟ್ಟಣದಲ್ಲಿ ದುಡಿಯುವ ಹುಡುಗಿ ರಜೆಗೆ ಊರಿಗೆ ಬರುತ್ತಾಳೆ, ಮನೆ ತುಂಬ ನೆಂಟರಿರುತ್ತಾರೆ, ಹೊರಗೆ ಹಿಮ ಸುರಿಯುತ್ತಿರುತ್ತದೆ, ಯಾರೋ ಒಬ್ಬ ಸೌದೆ ಹೊತ್ತುಕೊಂಡು ಬಾಗಿಲಿಗೆ ಬರುತ್ತಾನೆ. ಅವನು ಹೊರೆ ಇಳಿಸುವ ಮೊದಲೇ ದೊಡ್ಡಮ್ಮ ಬೆರಳೆತ್ತಿ "ಇವನೇ" ಎನ್ನುತ್ತಿದ್ದಳು. ಇವನೇ ಆಗಿರುತ್ತಿದ್ದ. ಆಮೇಲೆ ಎಲ್ಲರೂ ನೆಮ್ಮದಿಯಿಂದ ಉಳಿದದ್ದನ್ನು ನೋಡುತ್ತಿದ್ದರು.

ತಾಯಿ ಇಲ್ಲದ ಸೂಜಿಯನ್ನು ಸಾಕಿದವಳು ಈ ದೊಡ್ಡಮ್ಮನೇ. ದರ್ಜಿಯ ಅಂಗಡಿಯಲ್ಲಿ ಗುಂಡಿಗಳಿಗೆ ಕಾಜಾ ಹೊಲಿಯುತ್ತಿದ್ದಳೆಂದೂ, ಸದ್ದೇ ಮಾಡದೆ ಕೋಣೆಯಲ್ಲಿ ಎಲ್ಲಿ ಕೂತಿದ್ದಾಳೆಂದು ಹುಡುಕಬೇಕಾಗುತ್ತಿತ್ತೆಂದೂ ಅವಳಿಗೆ ಆ ಅಡ್ಡಹೆಸರು. ಕಳೆದ ರಜೆಯಲ್ಲಿ ದೊಡ್ಡಮ್ಮ ಎಲ್ಲರೆದುರು ಅಂದಿದ್ದಳು: "ಮುಂದಿನ ವರ್ಷ ಒಬ್ಬಳೇ ಬಂದ್ರೆ ಬಾಗಿಲು ತೆಗೆಯಲ್ಲ ನೋಡು."

ಈ ವರ್ಷ ಸೂಜಿ ಒಬ್ಬಳೇ ಬರಲಿಲ್ಲ. ದರ್ಜಿ ಅಂಗಡಿಯ ಪಕ್ಕದ ಗೂಡಿನಲ್ಲಿ ಬೀಗ ರಿಪೇರಿ ಮಾಡಿ, ಕೀಲಿಕೈ ಮಾಡಿಕೊಡುವವನು ಜೊತೆಗಿದ್ದ. ಎರಡು ವರ್ಷಗಳಿಂದ ಇಬ್ಬರೂ ಮಧ್ಯಾಹ್ನದ ಡಬ್ಬಿಯನ್ನು ಒಂದೇ ಬೆಂಚಿನ ಮೇಲೆ ಬಿಚ್ಚುತ್ತಿದ್ದರು. ದೊಡ್ಡಮ್ಮನ ಒಪ್ಪಿಗೆ ಇಲ್ಲದೆ ಸೂಜಿ ಮದುವೆಯಾಗುವವಳಲ್ಲ. ಬಸ್ಸಿನುದ್ದಕ್ಕೂ ಅವಳು ಒಂದೇ ವಾಕ್ಯವನ್ನು ಬಾಯಿಪಾಠ ಮಾಡಿದಳು. ಬಾಗಿಲು ತೆರೆಯುತ್ತಲೇ ಚೀಲವನ್ನೂ ಇಳಿಸದೆ ಒಂದೇ ಉಸಿರಿಗೆ ಒಪ್ಪಿಸಿದಳು.

"ದೊಡ್ಡಮ್ಮ, ಇವರನ್ನ ನಾನು ಮದುವೆ ಆಗ್ತೀನಿ, ನೀನು ಒಪ್ಪಬೇಕು."

ದೊಡ್ಡಮ್ಮ ಚಿಕ್ಕಪ್ಪನ ಮುಖ ನೋಡಿದಳು. ಚಿಕ್ಕಪ್ಪ ಟೀವಿಯ ಕಡೆ ನೋಡಿದ. ಅಲ್ಲಿ ಆ ಹೊತ್ತಿಗೆ ಸರಿಯಾಗಿ ಒಬ್ಬ ಹುಡುಗಿ ಮನೆಯವರ ಬಾಯಿ ಮುಚ್ಚಿಸಲು ಬಾಡಿಗೆಗೆ ತಂದ ಗಂಡನ್ನು ಬಾಗಿಲಲ್ಲಿ ನಿಲ್ಲಿಸಿ ಪರಿಚಯಿಸುತ್ತಿದ್ದಳು.

"ಬನ್ನಿ ಬನ್ನಿ," ಎಂದಳು ದೊಡ್ಡಮ್ಮ, ಎಲ್ಲ ತಿಳಿದವಳ ನಗೆ ನಗುತ್ತ.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅಡುಗೆಮನೆಯಲ್ಲಿ ದೊಡ್ಡಮ್ಮ ಸೂಜಿಯ ಕಿವಿಯ ಹತ್ತಿರ ಬಂದು ಕೇಳಿದಳು: "ದಿನದ ಲೆಕ್ಕನಾ, ರಜೆ ಪೂರ್ತಿ ಒಟ್ಟಿಗೇನಾ?"

"ಏನು?"

"ಅವನ ಬಾಡಿಗೆ ಕಣೇ."

"ದೊಡ್ಡಮ್ಮ! ಅವರು ನಿಜವಾಗ್ಲೂ..." ಸೂಜಿಯ ಮುಖ ಕೆಂಪಾಯಿತು.

"ಅವಳೂ ಹೀಗೇ ಕೆಂಪಾಗ್ತಾಳೆ," ಎಂದು ದೊಡ್ಡಮ್ಮ ಟೀವಿಯ ಕಡೆ ಕೈ ತೋರಿಸಿದಳು. "ನಾನೇನು ಬೈತೀನಾ? ಬಾಗಿಲು ತೆಗೆಯಲ್ಲ ಅಂತ ನಾನೇ ಹೆದರಿಸಿದ್ದು. ಪಾಪ, ನೀನಾದ್ರೂ ಏನು ಮಾಡ್ತೀಯ."

ಹೊರಗೆ ಚಿಕ್ಕಪ್ಪ ಬೀಗದವನ ಪರೀಕ್ಷೆ ನಡೆಸುತ್ತಿದ್ದ.

"ನಮ್ಮ ಹುಡುಗೀನ ಮದುವೆ ಆಗ್ತೀರಾ?"

"ಆಗ್ತೀನಿ."

"ಭೇಷ್! ರೆಪ್ಪೆ ಅಲ್ಲಾಡಲಿಲ್ಲ. ಎಲ್ಲಿ ಕಲಿತ್ರಿ?"

"ಏನನ್ನ?"

"ಇದೂ ಭೇಷ್," ಎಂದು ಚಿಕ್ಕಪ್ಪ ಅವನ ಬೆನ್ನು ತಟ್ಟಿದ.

ಬೀಗದವನು ಅಜ್ಜಿಗೆಂದು ಒಂದು ಹಿತ್ತಾಳೆಯ ಬೀಗ ತಂದಿದ್ದ. ಹಳೆಯದನ್ನು ಬಿಚ್ಚಿ, ತಿಕ್ಕಿ, ಒಳಗಿನ ಸ್ಪ್ರಿಂಗು ಬದಲಿಸಿ ತಾನೇ ಹೊಸದು ಮಾಡಿದ್ದು. ಅಜ್ಜಿ ಅದನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ತೆಗೆದು ಹಾಕಿ ಮಾಡುತ್ತಿದ್ದಳು. "ವೇಷಕ್ಕೆ ತಕ್ಕ ಸಾಮಾನೂ ತಂದಿದಾನೆ. ದುಡ್ಡಿಗೆ ಮೋಸ ಇಲ್ಲ," ಎಂದಳು ದೊಡ್ಡಮ್ಮ.

ಮರುದಿನ ದೊಡ್ಡಮ್ಮ ನಿಜವಾದ ನಾಯಕನನ್ನು ಹುಡುಕತೊಡಗಿದಳು. ಅವನು ಊರಿನವನೇ ಆಗಿರಬೇಕು, ಏನಾದರೂ ಹೊತ್ತು ಬಾಗಿಲಿಗೆ ಬರಬೇಕು. ಬೆಲ್ಲು ಬಾರಿಸಿದಾಗಲೆಲ್ಲ ಸೂಜಿಯನ್ನೇ ಕಳಿಸಿದಳು. ಮೊದಲು ಬಂದವನು ಕುಡಿಯುವ ನೀರಿನ ಕ್ಯಾನಿನವನು. ಕ್ಯಾನು ಅವನ ಹೆಗಲ ಮೇಲೆ ಇತ್ತು. ದೊಡ್ಡಮ್ಮ ಬೆರಳೆತ್ತಿದಳು.

"ಇವನೇ."

"ಮದುವೆ ಆಗಿದೆಯೇನಪ್ಪ?" ಎಂದು ಚಿಕ್ಕಪ್ಪ ಒಳಗಿನಿಂದಲೇ ಕೂಗಿ ಕೇಳಿದ.

"ಆಗಿದೆ ಸಾರ್. ಮೂರು ಮಕ್ಕಳು. ಖಾಲಿ ಕ್ಯಾನ್ ಕೊಡ್ತೀರಾ?"

ಬೆರಳು ಕೆಳಗಿಳಿಯಿತು. "ಇವನಲ್ಲ," ಎಂದಳು ದೊಡ್ಡಮ್ಮ. ಹಾಗೆ ಅವಳು ಹೇಳಿದ್ದನ್ನು ಆ ಮನೆ ಅದುವರೆಗೆ ಕೇಳಿರಲಿಲ್ಲ.

ಸಂಜೆ ಮೆಟ್ಟಿಲ ಮೇಲೆ ಬೀಗದವನು ಸೂಜಿಗೆ ಮೆಲ್ಲಗೆ ಹೇಳಿದ: "ನಾಳೆ ಬೆಳಿಗ್ಗೆ ನಾನು ಹೊರಡ್ತೀನಿ."

"ಇನ್ನೊಂದು ದಿನ ನೋಡೋಣ."

"ನಿಮ್ಮ ದೊಡ್ಡಮ್ಮ ಬೇಡ ಅಂದಿದ್ರೆ ಕಾಲು ಹಿಡಿದಾದ್ರೂ ಕೇಳ್ತಿದ್ದೆ. ಬೈದಿದ್ರೆ ಬೈಸಿಕೊಳ್ತಿದ್ದೆ. ಚಪ್ಪಾಳೆ ತಟ್ಟೋರ ಹತ್ರ ಏನು ಮಾಡೋದು? ನಾನು ನಿನ್ನ ಬಗ್ಗೆ ಹೇಳಿದ ಒಂದೊಂದು ಮಾತಿಗೂ ನಿಮ್ಮ ಚಿಕ್ಕಪ್ಪ ನಗ್ತಾರೆ. ಹೋದ್ಮೇಲೆ ಮತ್ತೆ ಈ ಬಾಗಿಲಿಗೆ ಬರೋಕೆ ನನಗೆ ಮುಖ ಇರಲ್ಲ."

ಸೂಜಿ ಅವನ ಅಂಗಿಯ ಸಡಿಲವಾಗಿದ್ದ ಗುಂಡಿಯನ್ನು ಒಂದು ಸಲ ತಿರುವಿ ನೋಡಿ, ಎದ್ದು ಒಳಗೆ ಹೋದಳು.

ಬೆಳಿಗ್ಗೆ ಅವನ ಚೀಲ ಬಾಗಿಲ ಬಳಿ ಕೂತಿತ್ತು. ನಡುಮನೆಯಲ್ಲಿ ಎಲ್ಲರೂ ಸಿನಿಮಾ ನೋಡುತ್ತಿದ್ದರು. ದೊಡ್ಡಮ್ಮನಿಗೆ ಅಂಚೆಯಲ್ಲಿ ಬಂದಿದ್ದ ಒಂದು ಡಬ್ಬ ಎರಡು ದಿನದಿಂದ ಹಾಗೇ ಬಿದ್ದಿತ್ತು. ಅದರ ಪ್ಲಾಸ್ಟಿಕ್ ಪಟ್ಟಿ ಯಾರ ಕೈಗೂ ಬಗ್ಗಿರಲಿಲ್ಲ. ಹೋಗುವ ಮುಂಚೆ ಅದೊಂದನ್ನು ಬಿಡಿಸಿಕೊಟ್ಟು ಹೋಗೋಣವೆಂದು ಬೀಗದವನು ಸೂಜಿಯ ಚೀಲದಲ್ಲಿ ಕೈಗೆ ಸಿಕ್ಕ ಕತ್ತರಿ ಹಾಕಿದ. ಪಟ್ಟಿ ಪಟ್ ಎಂದಿತು.

ಆ ಸದ್ದು ಸೂಜಿಗೆ ಗೊತ್ತಿತ್ತು.

"ಅದು ಬಟ್ಟೆ ಕತ್ತರಿ!"

ಆ ಮನೆಯಲ್ಲಿ ಸೂಜಿಯ ದನಿ ಅಷ್ಟು ಎತ್ತರಕ್ಕೆ ಹೋಗಿದ್ದು ಅದೇ ಮೊದಲು. ಚಿಕ್ಕಪ್ಪ ಬೆಚ್ಚಿ ರಿಮೋಟು ಒತ್ತಿದ. ಟೀವಿಯಲ್ಲಿ ಹಿಮ ಗಾಳಿಯಲ್ಲೇ ನಿಂತಿತು.

"ಬಟ್ಟೆ ಬಿಟ್ಟು ಬೇರೇನೂ ಅದರಲ್ಲಿ ಕತ್ತರಿಸ್ಬೇಡ ಅಂತ ನಿನಗೆ ಎಷ್ಟು ಸಲ ಬಡ್ಕೊಂಡಿದೀನಿ? ಹೋದ ತಿಂಗಳು ತಂತಿ, ಇವತ್ತು ಇದು!"

"ತಂತಿ ಅಲ್ಲ, ಹುರಿ."

"ತಂತಿ! ಸಾಣೆ ಹಿಡಿಸಿದ್ದು ನಾನು!"

"ನನ್ನ ಅರ ತಗೊಂಡು ನೀನು ಉಗುರು ಉಜ್ಜಲ್ವಾ? ಕೀಲಿಕೈ ಉಜ್ಜೋ ಅರ ಅದು."

"ಒಂದೇ ಸಲ."

"ಚಳಿಗಾಲ ಪೂರ್ತಿ! ನಾನು ಬಾಯಿ ಬಿಟ್ನಾ?"

"ಬಾಯಿ ಬಿಡಲ್ಲ, ಮುಖ ಊದಿಸ್ಕೊಂಡು ಕೂರ್ತೀಯ! ಡಬ್ಬಿ ಮುಚ್ಚಳ ಎಲ್ಲಿಟ್ಟೆ ಅಂತ ದಿನಾ ನಾನೇ ಹುಡುಕ್ಬೇಕು. ಈಗ ಹೋಗ್ತೀನಿ ಅಂತ ಹೊರಟ್ರೆ ನಾಳೆಯಿಂದ ಯಾರು ಹುಡುಕ್ತಾರೆ?"

ಬೀಗದವನು ಕತ್ತರಿಯನ್ನು ಹಿಡಿಯ ಕಡೆಯಿಂದ ಅವಳಿಗೆ ಚಾಚಿದ. ಅವಳು ಕಿತ್ತುಕೊಂಡು, ಚೀಲದಿಂದ ಒಂದು ಚಿಂದಿ ತೆಗೆದು ಕತ್ತರಿಸಿ ನೋಡಿದಳು. ಮೊಂಡಾದ ಅಂಚು ಕತ್ತರಿಸದೆ ನೂಲು ಎಳೆಯಿತು. ಇಬ್ಬರೂ ಆ ಚಿಂದಿಯನ್ನೇ ನೋಡುತ್ತ ನಿಂತರು.

ದೊಡ್ಡಮ್ಮ ಕಾದಳು. ಇಂಥ ಹೊತ್ತಿನಲ್ಲಿ ಸಂಗೀತ ಬರಬೇಕು, ಅವನು ಅವಳ ಮುಂಗುರುಳು ಸರಿಸಬೇಕು. "ಇನ್ನೊಂದು ಸಲ ಸಾಣೆ ಹಿಡಿಸಿಕೊಡ್ತೀನಿ," ಎಂದ ಬೀಗದವನು. "ಆ ಮೂಲೆ ಅಂಗಡೀಲಿ ಬೇಡ," ಎಂದಳು ಸೂಜಿ. ಅಷ್ಟೇ.

ಅಜ್ಜಿ ಬೀಗವನ್ನು ಮಡಿಲಿಂದ ಎತ್ತಿ ಪಕ್ಕಕ್ಕಿಟ್ಟಳು. "ಬಾಡಿಗೆಯವನ ಜೊತೆ ಯಾರೂ ಹೀಗೆ ಜಗಳ ಆಡಲ್ಲ ಕಣೇ," ಎಂದಳು ದೊಡ್ಡಮ್ಮನಿಗೆ. "ಇದು ನಿಜ."

ಚಿಕ್ಕಪ್ಪ ಎರಡು ದಿನದಲ್ಲಿ ತಾನು ಹೇಳಿದ ಭೇಷ್‌ಗಳನ್ನೆಲ್ಲ ನೆನೆದು ನೆಲ ನೋಡಿದ. ದೊಡ್ಡಮ್ಮ ಎದ್ದು ಬಂದು ಬೀಗದವನನ್ನು ಅಡಿಯಿಂದ ಮುಡಿಯವರೆಗೆ ಮೊದಲ ಸಲ ನೋಡಿದಳು.

"ಡಬ್ಬಿ ಮುಚ್ಚಳ ಎಲ್ಲಿಡ್ತೀಯಪ್ಪ?"

"ಗೊತ್ತಾಗಲ್ಲ, ದೊಡ್ಡಮ್ಮ."

"ಹೂಂ," ಎಂದಳು ದೊಡ್ಡಮ್ಮ. ಸೋಲು ಅವಳಿಗೆ ರೂಢಿಯಿಲ್ಲ. ಸ್ವಲ್ಪ ಹೊತ್ತು ಹುಡುಕಾಡಿ ದಾರಿ ಕಂಡುಕೊಂಡಳು. "ಬಾಡಿಗೆಯವನೇ ಕೊನೆಗೆ ನಿಜವಾಗಿ ಪ್ರೀತಿಸ್ತಾನೆ. ಎಲ್ಲಾ ಸಿನಿಮಾದಲ್ಲೂ ಹಾಗೇ ಅಲ್ವಾ? ಬಾಗಿಲಲ್ಲಿ ನೋಡಿದ ಕೂಡಲೇ ಅಂದುಕೊಂಡೆ, ಇವನೇ ಅಂತ."

ಎರಡು ವರ್ಷದಿಂದ ನಿಜವಾಗಿಯೇ ಇದ್ದ ಎಂದು ಹೇಳಲು ಸೂಜಿ ಬಾಯಿ ತೆರೆದಳು. ಯೋಚಿಸಿ ಮುಚ್ಚಿದಳು. ಮತ್ತೆ ತೆರೆದು ಬೇರೆಯದನ್ನು ಕೇಳಿದಳು.

"ಹಾಗಾದ್ರೆ ಒಪ್ಪಿಗೆನಾ?"

"ಇನ್ನೇನು?" ಎಂದು ದೊಡ್ಡಮ್ಮ ಬೀಗದವನ ಕಡೆ ತಿರುಗಿದಳು. "ನಿನ್ನ ಚೀಲ ಒಳಗಿಡಪ್ಪಾ."

ಚಿಕ್ಕಪ್ಪ ರಿಮೋಟು ಒತ್ತಿದ. ನಿಂತಿದ್ದ ಹಿಮ ಬೀಳತೊಡಗಿತು. ಸೂಜಿ ಕತ್ತರಿಯನ್ನು ಅಜ್ಜಿಯ ತಗಡಿನ ಪೆಟ್ಟಿಗೆಯಲ್ಲಿಟ್ಟು, ಹಿತ್ತಾಳೆಯ ಬೀಗ ಜಡಿದು, ಕೀಲಿಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಅದನ್ನ ನಾನು ಕೀಲಿಕೈ ಇಲ್ದೇನೂ ತೆಗೀತೀನಿ," ಎಂದ ಬೀಗದವನು.

"ಗೊತ್ತು," ಎಂದಳು ಸೂಜಿ. ಆ ಪೆಟ್ಟಿಗೆಯ ಮೇಲೆಯೇ ಕೂತು ಸಿನಿಮಾ ನೋಡತೊಡಗಿದಳು.