ಬಾಗಿಲಿಗೆ ಆನಿಸಿಟ್ಟ ಇಸ್ತ್ರಿಪೆಟ್ಟಿಗೆ

ಮೊಮ್ಮಗಳು ಇಸ್ತ್ರಿಪೆಟ್ಟಿಗೆ ಎತ್ತಲು ಬಗ್ಗಿದ್ದೇ ತಡ, ಪಕ್ಕದ ಮನೆಯ ಹಾಲಿನಾಕೆ ಕೈ ಹಿಡಿದಳು.

"ಅದನ್ನ ಸರಿಸಬೇಡಮ್ಮ. ಬಾಗಿಲಿಗೆ ಆನಿಸಿಟ್ಟಿದ್ದು ನಿಮ್ಮಜ್ಜಿ. ಚಳಿ ಇರಲಿ, ಧೂಳು ಇರಲಿ, ಈ ಬಾಗಿಲು ಹಾಕಿದ್ದನ್ನ ನಾನು ಕಂಡೇ ಇಲ್ಲ. ರಾತ್ರೀನೂ ಪರದೆ ಎಳ್ಕೊಂಡು ಮಲಗೋರು. ಎಂಥಾ ದೊಡ್ಡ ಮನಸ್ಸು!"

ಅಜ್ಜಿಯನ್ನು ಮಣ್ಣು ಮಾಡಿ ಬಂದು ಇನ್ನೂ ಗಂಟೆಯಾಗಿರಲಿಲ್ಲ. ಬಂದವರೇ ಆರು ಜನ; ಅವರಲ್ಲಿ ನಾಲ್ವರು ಹೊಲಿಯಲು ಕೊಟ್ಟಿದ್ದ ತಮ್ಮ ಬಟ್ಟೆ ಏನಾಯಿತೆಂದು ಮೆಲ್ಲಗೆ ವಿಚಾರಿಸಿ ಹೋಗಿದ್ದರು. ಮೊಮ್ಮಗಳಿಗೆ ನಗು ಬಂದಿತ್ತು.

*

ಹದಿಮೂರನೇ ವಯಸ್ಸಿನಲ್ಲಿ ಶಾಲೆಯಲ್ಲಿ ಮೊಮ್ಮಗಳ ಅಡ್ಡಹೆಸರು 'ತೇಪೆ'. ಯಾರದೋ ಹಳೆಯ ಸಮವಸ್ತ್ರ ಬಿಚ್ಚಿ, ತೇಪೆ ಹಾಕಿ ಅಜ್ಜಿ ಹೊಲಿದುಕೊಟ್ಟಿದ್ದಳು. ಮೂವರು ಹುಡುಗಿಯರು ಶೌಚಾಲಯದಲ್ಲಿ ಅವಳನ್ನು ಗೋಡೆಗೊತ್ತಿ, ಒಂದು ತೇಪೆಗೆ ಒಂದರಂತೆ ತೋಳು ಚಿವುಟುತ್ತಿದ್ದರು. ನೀಲಿಗಟ್ಟಿದ ತೋಳು ಟೀಚರ ಕಣ್ಣಿಗೆ ಬಿತ್ತು. ಮಕ್ಕಳ ರಕ್ಷಣಾ ಇಲಾಖೆಯ ಮೇಡಂ ಬಂದರು.

"ಮನೇಲಿ ಅಜ್ಜಿ ಹೊಡೀತಾರಾ ಪುಟ್ಟಾ?"

ನಿಜ ಹೇಳಿದರೆ ಬಟ್ಟೆಯ ಮಾತು ಬರುತ್ತದೆ, ಅಜ್ಜಿ ನೊಂದುಕೊಳ್ಳುತ್ತಾಳೆ. ಅವಳು ತಲೆ ತಗ್ಗಿಸಿದವಳು ತುಟಿಪಿಟಕ್ಕೆನ್ನಲಿಲ್ಲ. ಮೇಡಂ ಅದನ್ನೇ ಹೌದೆಂದು ಬರೆದುಕೊಂಡರು. ಹನ್ನೊಂದು ವಾರ ಬಾಲಮಂದಿರದಲ್ಲಿ ಕಳೆಯಿತು.

ಮರಳಿ ಬಂದ ದಿನ ಅಜ್ಜಿ ಬಾಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆದಿಟ್ಟು, ಬಾಗಿಲನ್ನು ಪೂರ್ತಿ ತೆರೆದು, ಕಬ್ಬಿಣದ ಇಸ್ತ್ರಿಪೆಟ್ಟಿಗೆಯನ್ನು ಅದಕ್ಕೆ ಒತ್ತಿಟ್ಟಳು.

"ಒಳಗೇನು ನಡೀತದೆ ಅಂತ ಬೀದಿಯೋರೆಲ್ಲ ನೋಡ್ಲಿ. ನಿನ್ನ ಕರ್ಕೊಂಡು ಹೋಗೋಕೆ ಇನ್ನೊಂದ್ಸಲ ಯಾರಿಗೂ ನೆಪ ಸಿಗಬಾರದು."

ಯಾರು ಚಿವುಟಿದರೆಂದು ಅಜ್ಜಿ ಕೇಳಲಿಲ್ಲ. ಇವಳೂ ಹೇಳಲಿಲ್ಲ. ಮೇಡಂ ತಪಾಸಣೆಗೆ ಬರುವುದು ವರ್ಷದೊಳಗೇ ನಿಂತಿತು. ಬಾಗಿಲು ಮಾತ್ರ ಹಾಗೇ ಉಳಿಯಿತು.

*

"ದೊಡ್ಡ ಮನಸ್ಸಲ್ಲ ಅಕ್ಕಾ, ಹೆದರಿಕೆ," ಎಂದಳು ಮೊಮ್ಮಗಳು. ಒಂದನ್ನೂ ಬಿಡದೆ ಹೇಳಿದಳು.

ಹಾಲಿನಾಕೆ ಹಿಡಿದಿದ್ದ ಕೈ ಬಿಟ್ಟಳು. "ಯಾರು ಚಿವುಟಿದ್ದು ಅಂತ ಅಜ್ಜಿಗೆ ಹೇಳಿದ್ಯಾ?"

"ನಾಳೆ, ನಾಳೆ ಅಂತ ಇಪ್ಪತ್ತಾರು ವರ್ಷ ಆಯ್ತು."

ಹಾಲಿನಾಕೆ ತಾನೇ ಬಗ್ಗಿ ಇಸ್ತ್ರಿಪೆಟ್ಟಿಗೆ ಎತ್ತಿಟ್ಟಳು. ನೆಲದಲ್ಲಿ ಅದರ ಅಚ್ಚು ಬಿದ್ದಿತ್ತು. ಇಬ್ಬರೂ ಹೆಗಲು ಕೊಟ್ಟು ಬಾಗಿಲು ಮುಚ್ಚಲು ನೂಕಿದರು. ತುಕ್ಕು ಹಿಡಿದ ಕೀಲು ಕಿರ್ರೆಂದಿತು. ಬಾಗಿಲು ಅರ್ಧಕ್ಕೆ ಬಂದು ನೆಲ ಕಚ್ಚಿ ನಿಂತಿತು.

ಬೀದಿಯಲ್ಲಿ ಹೋಗುತ್ತಿದ್ದ ಮುದುಕನೊಬ್ಬ ರೂಢಿಯಂತೆ ಒಳಗೆ ಇಣುಕಿ, ಹೊಲಿಗೆ ಯಂತ್ರದ ಮುಂದೆ ಅಜ್ಜಿ ಕೂರುತ್ತಿದ್ದ ಖಾಲಿ ಮಣೆಯತ್ತ ನಮಸ್ಕಾರಕ್ಕೆ ಕೈ ಎತ್ತಿ, ಮುಂದೆ ನಡೆದ.